ನಾಡಿಯಕ್ಕ ಬರೆದ ಎಪ್ಪತ್ತೆರಡು

ಬೆಳಗಿನ ಐದು ಗಂಟೆಗೆ ಇನ್ನೂ ಇಪ್ಪತ್ತು ನಿಮಿಷ ಬಾಕಿ ಇದೆ. ಬಟ್ಟೆ ಒಗೆಯುವ ಕಾರ್ಖಾನೆಯ ಹಿಂಬಾಗಿಲಲ್ಲಿ, ತಗಡಿನ ಮಾಡಿನ ಕೆಳಗೆ, ಒಬ್ಬ ಹೆಂಗಸು ಬೋಗುಣಿಗೆ ಬಿಸಿನೀರು ಸುರಿದು ಮೊಣಕೈ ಅದ್ದಿ ಹದ ನೋಡುತ್ತಾರೆ, ಎಳೆಮಕ್ಕಳಿಗೆ ಸ್ನಾನ ಮಾಡಿಸುವವರು ನೋಡುವ ಹಾಗೆ. ಮೇಜಿನ ಮೇಲೆ, ಕತ್ತರಿಸಿದ ಪ್ಲಾಸ್ಟಿಕ್ ಪೈಪಿನ ತುಂಡೊಂದಕ್ಕೆ ಸಿಕ್ಕಿಸಿದ ಫೋನು ಅಡ್ಡಡ್ಡ ನಿಂತಿದೆ. ಅದರ ಬೆನ್ನಿನ ಕ್ಯಾಮೆರಾವನ್ನು ಹತ್ತಿ ಬಟ್ಟೆಯಿಂದ ಒರೆಸಿ, ಮೊದಲು ತಮ್ಮದೇ ಉಂಗುರದ ಬೆರಳನ್ನು ಇಟ್ಟು, ಪರದೆ ನೋಡಿ, ದಪ್ಪ ಪುಸ್ತಕದಲ್ಲಿ ದಿನದ ಮೊದಲ ಸಂಖ್ಯೆ ಬರೆಯುತ್ತಾರೆ: ಎಪ್ಪತ್ತೊಂಬತ್ತು.

ಅಷ್ಟರಲ್ಲಿ ಗೇಟಿನಾಚೆ ಸಾಲು ಬೆಳೆದಿರುತ್ತದೆ. ಬುತ್ತಿ ಡಬ್ಬಿ ಕಂಕುಳಲ್ಲಿ ಇರುಕಿಕೊಂಡವರು, ನಿಂತಲ್ಲೇ ತೂಕಡಿಸುವವರು, ಬಸ್ಸಿನಲ್ಲಿ ಶುರುವಾದ ಜಗಳವನ್ನು ಇಲ್ಲಿಯವರೆಗೂ ಎಳೆದು ತಂದವರು. ಒಬ್ಬೊಬ್ಬರೇ ಬಂದು ಬೋಗುಣಿಯಲ್ಲಿ ಕೈ ಅದ್ದಿ, ಒರೆಸಿಕೊಂಡು, ಕ್ಯಾಮೆರಾದ ಮೇಲೆ ಬೆರಳಿಡುತ್ತಾರೆ. ಫೋನಿನ ಪುಟ್ಟ ದೀಪ ಹೊತ್ತಿಕೊಂಡು ಬೆರಳ ತುದಿ ಕೆಂಡದ ಹಾಗೆ ಕೆಂಪಗಾಗುತ್ತದೆ.

“ಒತ್ತಬೇಡಪ್ಪ, ಇಡು. ಒತ್ತಿದ್ರೆ ರಕ್ತ ಹಿಂದಕ್ಕೆ ಓಡುತ್ತೆ. ಮಗು ಕೆನ್ನೆ ಮುಟ್ಟೋ ಹಾಗೆ ಸುಮ್ನೆ ಇಡು.”

“ಅಕ್ಕಾ, ಬದುಕಿದ್ದೀನಾ?”

“ಎಪ್ಪತ್ತಾರು. ಬದುಕಿದ್ದೀಯ, ಹೋಗಿ ಕೆಲಸ ಮಾಡು.”

ಹೀಗೆ ಕೇಳಿದವನು ಒಗೆಯುವ ವಿಭಾಗದ ಹಳಬ. ಮೈಕೈಯೆಲ್ಲ ಸದಾ ಸೋಪಿನ ವಾಸನೆ ಹೊಡೆಯುವುದರಿಂದ ಅವನಿಗೆ ಸೋಪಣ್ಣ ಎಂದೇ ಹೆಸರು. ಅವನು ಎರಡು ವರ್ಷದಿಂದ ದಿನಾ ಬೆಳಿಗ್ಗೆ ಇದೇ ಪ್ರಶ್ನೆ ಕೇಳುತ್ತಾನೆ. ಮೇಜಿನ ಹಿಂದೆ ಕೂತವರೂ ಇದೇ ಉತ್ತರ ಕೊಡುತ್ತಾರೆ. ಅವರನ್ನು ಕಾರ್ಖಾನೆಯಲ್ಲಿ ಎಲ್ಲರೂ ಕರೆಯುವುದು ನಾಡಿಯಕ್ಕ ಎಂದು. ಹಾಜರಿ ಪಟ್ಟಿಯಲ್ಲಿ ಅವರಿಗೊಂದು ಹೆಸರಿದೆ. ಯಾರಾದರೂ ಅದನ್ನು ಕೂಗಿದರೆ ಅವರೇ ಒಂದು ಗಳಿಗೆ ಅತ್ತಿತ್ತ ನೋಡುತ್ತಾರೆ.

ಆರು ಗಂಟೆಯ ಪಾಳಿ ಶುರುವಾಗುವ ಮುಂಚೆ ನೂರಾ ಹದಿನಾಲ್ಕು ಜನರ ನಾಡಿ ನೋಡಬೇಕು. ಒಬ್ಬರಿಗೆ ಹೆಚ್ಚೆಂದರೆ ನಲವತ್ತು ಸೆಕೆಂಡು. ಪ್ರತಿಯೊಬ್ಬರ ನಂತರವೂ ಕ್ಯಾಮೆರಾ ಒರೆಸಬೇಕು, ಹದಿನೈದು ಜನಕ್ಕೊಮ್ಮೆ ಬೋಗುಣಿಗೆ ಬಿಸಿನೀರು ಬೆರೆಸಬೇಕು. ಯಾರದಾದರೂ ಸಂಖ್ಯೆ ನೂರು ದಾಟಿದರೆ ಪಕ್ಕದ ಬೆಂಚಿನ ಮೇಲೆ ಕೂರಿಸಿ ನೀರು ಕುಡಿಸಿ ಮತ್ತೆ ನೋಡಬೇಕು. ಒಳಗೆ ಕುದಿಯುವ ನೀರು, ಹಬೆ, ಇಸ್ತ್ರಿ ಮಾಡುವ ಬಿಸಿ ರೋಲರುಗಳು. ಜ್ವರವನ್ನೋ ಸುಸ್ತನ್ನೋ ಬಚ್ಚಿಟ್ಟುಕೊಂಡು ಆ ಕಾವಿನ ಮುಂದೆ ನಿಂತವರು ಎಷ್ಟು ಹೊತ್ತು ನಿಂತಾರು?

ಈ ಫೋನಿನ ಕೆಲಸದಲ್ಲಿ ಮಾಟಮಂತ್ರ ಏನೂ ಇಲ್ಲ ಎನ್ನುತ್ತಾರೆ ನಾಡಿಯಕ್ಕ. “ಗುಂಡಿಗೆ ಒಂದ್ಸಲ ಬಡಿದ್ರೆ ಬೆರಳಿಗೆ ಒಂದು ಗುಟುಕು ರಕ್ತ ಬರುತ್ತೆ. ಬಂದಾಗ ಕೆಂಪು ಗಾಢ ಆಗುತ್ತೆ, ಹೋದಾಗ ತಿಳಿ ಆಗುತ್ತೆ. ನಮ್ಮ ಕಣ್ಣಿಗೆ ಕಾಣಲ್ಲ, ಕ್ಯಾಮೆರಾಗೆ ಕಾಣುತ್ತೆ. ಅದು ಎಣಿಸುತ್ತೆ, ನಾನು ಬರೀತೀನಿ.”

ನಾಡಿಯಕ್ಕ ಈ ಮೇಜಿಗೆ ಬಂದದ್ದು ಬಡ್ತಿ ಸಿಕ್ಕಿ ಅಲ್ಲ. ಹತ್ತೊಂಬತ್ತು ವರ್ಷ ಅವರು ಮಡಚುವ ವಿಭಾಗದಲ್ಲಿದ್ದರು. ಆಸ್ಪತ್ರೆಗಳಿಂದ, ಹೋಟೆಲುಗಳಿಂದ ಬರುವ ಬೆಡ್‌ಶೀಟುಗಳನ್ನು ಇಬ್ಬರು ಎದುರುಬದುರು ನಿಂತು ಕೊಡವಿ, ಎಳೆದು, ನಾಲ್ಕು ಮಡಿಕೆ ಹಾಕುವ ಕೆಲಸ. ದಿನಕ್ಕೆ ಒಂಬೈನೂರು ಶೀಟು. ಒಂದು ಬೆಳಿಗ್ಗೆ ಜಡೆ ಹಾಕಿಕೊಳ್ಳಲು ಎತ್ತಿದ ಬಲಗೈ ಭುಜದ ಮಟ್ಟಕ್ಕೇ ನಿಂತುಹೋಯಿತು. ಅಂದಿನಿಂದ ಅವರ ಜಡೆ ಹಾಕುವುದು ಗಂಡ. ಆತ ದರ್ಜಿ, ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡವರು. “ಮೂರು ಎಳೆ ಹೆಣೆಯೋದು ಕಾಲರ್ ಹೊಲಿಯೋದಕ್ಕಿಂತ ಸುಲಭ, ಆದ್ರೆ ಗಿರಾಕಿ ಮಾತ್ರ ಭಾರಿ ಕಿರಿಕಿರಿ” ಎಂದು ಅವರು ನಗುತ್ತಾರೆ.

ಕೈ ಎತ್ತಲಾಗದ ಮಡಚುವವಳನ್ನು ಏನು ಮಾಡುವುದು ಎಂದು ಕಚೇರಿ ಯೋಚಿಸುತ್ತಿದ್ದ ದಿನಗಳಲ್ಲೇ ರೋಲರಿನ ಮುಂದೆ ಒಬ್ಬ ಹೆಂಗಸು ಎಚ್ಚರ ತಪ್ಪಿ ಬಿದ್ದಳು. ಬೇಸಿಗೆ ಕಾಲ. ಅವಳ ಎದೆ ಬೆಳಿಗ್ಗೆ ಬರುವಾಗಲೇ ಡವಗುಟ್ಟುತ್ತಿತ್ತಂತೆ, ಯಾರಿಗೂ ಹೇಳಿರಲಿಲ್ಲ. ಬಿದ್ದದ್ದು ಹಿಂದಕ್ಕೆ, ಪುಣ್ಯ; ಮುಂದಕ್ಕೆ ಬಿದ್ದಿದ್ದರೆ ಮುಖ ಸುಟ್ಟುಹೋಗುತ್ತಿತ್ತು. ಅದಾದ ತಿಂಗಳಲ್ಲಿ ಫೋನು ಬಂತು, ಫೋನಿನ ಜೊತೆ ಒಂದು ನಿಯಮವೂ ಬಂತು: ಪುಸ್ತಕದಲ್ಲಿ ನಾಡಿಯ ಸಂಖ್ಯೆ ಇಲ್ಲದೆ ಯಾರೂ ಒಳಗೆ ಹೋಗುವ ಹಾಗಿಲ್ಲ. “ಬೇರೆ ಯಾವ ಕೆಲಸಕ್ಕೂ ಬಾರದವಳು ಅಂತ ನನ್ನ ತಂದು ಇಲ್ಲಿ ಕೂರಿಸಿದ್ರು” ಎನ್ನುವಾಗ ಅವರ ದನಿಯಲ್ಲಿ ಕಹಿ ಇಲ್ಲ.

ಮೊದಲ ದಿನವೇ ಎಲ್ಲರೂ ಕಕ್ಕಾಬಿಕ್ಕಿಯಾದರು. ನೂರಾ ಹದಿನಾಲ್ಕು ಜನರಲ್ಲಿ ಮೂವತ್ತೊಂದು ಜನರ ಬೆರಳಿಗೆ ಫೋನು ಕೊಟ್ಟ ಉತ್ತರ ಒಂದೇ: ನಾಡಿ ಸಿಗಲಿಲ್ಲ. ಸೋಡಾ ಪುಡಿಯಲ್ಲಿ, ಬ್ಲೀಚ್ ನೀರಿನಲ್ಲಿ ವರ್ಷಗಟ್ಟಲೆ ನೆನೆದು ತುದಿ ಸವೆದ ಬೆರಳುಗಳು, ಕಟ್ಟಿಗೆಯಂತೆ ಗಡುಸಾದ ಬೆರಳುಗಳು. ಸೋಪಣ್ಣ ತನ್ನ ಕೈಯನ್ನು ತಾನೇ ತಿರುಗಿಸಿ ಮುರುಗಿಸಿ ನೋಡಿಕೊಂಡ. “ನಾಡಿ ಇಲ್ಲ ಅಂದ್ರೆ ನಾನು ಹೋಗ್ಬಿಟ್ಟೆ ಅಂತಾನಾ? ಮನೇಲಿ ಯಾರೂ ಹೇಳ್ಲೇ ಇಲ್ಲ! ತಿಂಡಿ ಬೇರೆ ಕೊಟ್ಟು ಕಳ್ಸಿದ್ರು!” ಸಾಲು ಗೊಳ್ಳೆಂದಿತು. ಆದರೆ ಮೂವತ್ತೊಂದು ಜನರನ್ನೂ ನಿಯಮದ ಪ್ರಕಾರ ಮನೆಗೆ ಕಳಿಸಿದಾಗ ನಗುವವರು ಯಾರೂ ಉಳಿಯಲಿಲ್ಲ. ಅವರಲ್ಲಿ ಒಬ್ಬಾಕೆ ಗೇಟಿನ ಸರಳು ಹಿಡಿದು, “ನನ್ನ ಕೈ ಮುಟ್ಟಿ ನೋಡಮ್ಮಾ, ಬೆಚ್ಚಗೇ ಇದೆ” ಎಂದು ಅತ್ತದ್ದು ನಾಡಿಯಕ್ಕನ ಕಿವಿಯಲ್ಲಿ ಹಾಗೇ ಉಳಿದುಬಿಟ್ಟಿತು. ಎಲ್ಲರೂ ಹೋದ ಮೇಲೆ ಅವರು ತಮ್ಮ ಬೆರಳನ್ನೂ ಇಟ್ಟು ನೋಡಿದರು. ಅದಕ್ಕೂ ನಾಡಿ ಸಿಗಲಿಲ್ಲ.

ಆ ಸಂಜೆ ಫೋನನ್ನು ಮನೆಗೆ ಒಯ್ಯಲು ಅಪ್ಪಣೆ ಪಡೆದರು. ದರ್ಜಿಯ ಬೆರಳಿಟ್ಟರೆ ಫೋನು ಕೂಡಲೇ ಎಣಿಸುತ್ತಿತ್ತು, ಹೆಂಡತಿಯ ಬೆರಳಿಟ್ಟರೆ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಒಂಬತ್ತು ಸಂಜೆ ಇಬ್ಬರೂ ಹೊಲಿಗೆ ಯಂತ್ರದ ಪಕ್ಕ ಕೂತು ಇದೇ ಕೆಲಸ ಮಾಡಿದರು. ತಣ್ಣೀರಿನಲ್ಲಿ ಕೈ ಅದ್ದಿ, ಬಿಸಿನೀರಿನಲ್ಲಿ ಅದ್ದಿ, ಗಟ್ಟಿಯಾಗಿ ಒತ್ತಿ, ಹಗುರ ಇಟ್ಟು, ಬೆರಳು ಬದಲಿಸಿ, ಕೈ ಬದಲಿಸಿ. ಗಂಡ ಗೋಡೆ ಗಡಿಯಾರ ನೋಡುತ್ತ ಅವರ ಮಣಿಕಟ್ಟು ಹಿಡಿದು ಎಣಿಸಿ, ಫೋನಿನ ಸಂಖ್ಯೆಗೆ ತಾಳೆ ಹಾಕುತ್ತಿದ್ದರು. ಬೆಚ್ಚಗಿನ ಕೈ ಬೇಕು, ಹೆಚ್ಚು ದುಡಿದ ತೋರುಬೆರಳಿಗಿಂತ ಕಡಿಮೆ ಸವೆದ ಉಂಗುರದ ಬೆರಳು ವಾಸಿ, ಒತ್ತಲೇಬಾರದು. ಎಲ್ಲಕ್ಕಿಂತ ಬೆಪ್ಪಾಗಿಸಿದ ಸಂಗತಿ ಕೊನೆಗೆ ಗೊತ್ತಾಯಿತು. ಕೈ ಬಿರಿಯದಿರಲೆಂದು ಎಲ್ಲರೂ ಹಚ್ಚಿಕೊಳ್ಳುವ ಮುಲಾಮು ಕ್ಯಾಮೆರಾಗೆ ಮೆತ್ತಿಕೊಂಡು, ಹಿಂದೆ ಬಂದವರಿಗೆಲ್ಲ ಮಂಜು ಕವಿದಂತಾಗುತ್ತಿತ್ತು.

ಹತ್ತನೆಯ ದಿನ ಬೋಗುಣಿಯೂ ಹತ್ತಿ ಬಟ್ಟೆಯೂ ಮೇಜಿಗೆ ಬಂದವು. ನಾಡಿ ಸಿಗದವರು ಮೂವತ್ತೊಂದರಿಂದ ಮೂವರಿಗೆ ಇಳಿದರು. ಆ ಮೂವರಿಗೆ ಮಣಿಕಟ್ಟು ಹಿಡಿದು, ಗಡಿಯಾರ ನೋಡಿ, ಒಂದು ನಿಮಿಷ ಎಣಿಸಿ ಬರೆಯಲು ಕಚೇರಿ ಒಪ್ಪಿತು. ತಿಂಗಳ ವರದಿಯಲ್ಲಿ, ಫೋನಿನ ತಂತ್ರಾಂಶ ಈಗ ಸುಧಾರಿಸಿದೆ ಎಂದು ಒಂದು ಸಾಲು ಬಂತು. ಬೋಗುಣಿಯ ಸುದ್ದಿ ಅದರಲ್ಲಿ ಇರಲಿಲ್ಲ.

ಇಲ್ಲಿಯವರೆಗಿನದನ್ನು ಕಾರ್ಖಾನೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಮುಂದಿನದನ್ನು ನಾಡಿಯಕ್ಕ ತಾವಾಗಿಯೇ ಹೇಳಿದರು. “ಇದನ್ನ ಬರೆಯೋದಾದ್ರೆ ಮಾತ್ರ ನನ್ನ ಬಗ್ಗೆ ಬರೀರಿ. ಇಲ್ಲ ಅಂದ್ರೆ ಬೇಡ.”

ಮಣಿಕಟ್ಟು ಹಿಡಿಯಬೇಕಾದ ಆ ಮೂವರಲ್ಲಿ ಒಬ್ಬರು ಬಾಯ್ಲರಿನವರು. ಅರವತ್ತಕ್ಕೆ ಎರಡು ವರ್ಷ ಕಡಿಮೆ ವಯಸ್ಸು, ಇಡೀ ಕಾರ್ಖಾನೆಗೆ ದೊಡ್ಡಪ್ಪ. ಬೆಂಕಿಯ ಬಾಗಿಲು ತೆಗೆದು ಹಾಕಿ ಮಾಡಿದ ಅವರ ಅಂಗೈ ಹಳೆಯ ಚಪ್ಪಲಿಯ ಅಟ್ಟೆಯ ಹಾಗಿದೆ. ಆರಕ್ಕೆ ಹಬೆ ಸಿದ್ಧವಾಗಬೇಕಾದರೆ ಐದಕ್ಕೆ ಬಾಯ್ಲರ್ ಹೊತ್ತಬೇಕು, ಹಾಗಾಗಿ ಆಗ ಸಾಲಿನಲ್ಲಿ ಮೊದಲಿಗರು ಅವರೇ. ಫೋನು ಅವರ ಬೆರಳನ್ನು ಮೂರು ಸಲಕ್ಕೆ ಒಂದು ಸಲ ಹಿಡಿದರೆ ಹೆಚ್ಚು. ಮಣಿಕಟ್ಟು ಹಿಡಿದರೆ ಮಾತ್ರ ಎರಡು ವರ್ಷದಿಂದ ಹೆಚ್ಚುಕಡಿಮೆ ಅದೇ ಸಂಖ್ಯೆ: ಎಪ್ಪತ್ತೆರಡು. ಗಡಿಯಾರ ತಪ್ಪಿದರೂ ದೊಡ್ಡಪ್ಪನ ನಾಡಿ ತಪ್ಪಲಿಕ್ಕಿಲ್ಲ ಎಂದು ಸೋಪಣ್ಣ ಆಡಿಕೊಳ್ಳುತ್ತಿದ್ದ.

ಹೋದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಫೋನು ದೊಡ್ಡಪ್ಪನ ಬೆರಳಿಗೆ ನಲವತ್ತೊಂದು ಎಂದಿತು. ಮತ್ತೆ ಇಟ್ಟರೆ ನೂರಾ ಹದಿನೆಂಟು. ಮೂರನೆಯ ಸಲ, ಸಿಗಲಿಲ್ಲ. ಹಿಂದೆ ಸಾಲು ಉದ್ದವಾಗಿತ್ತು, ಐದು ಹೊಡೆಯುವುದರಲ್ಲಿತ್ತು.

“ನನ್ನ ಕೈ ನಿನಗೆ ಗೊತ್ತಿಲ್ವೇನಮ್ಮಾ? ಎಪ್ಪತ್ತೆರಡು ಬರ್ಕೋ. ಬೆಂಕಿ ಹಚ್ಬೇಕು” ಎಂದರು ದೊಡ್ಡಪ್ಪ.

ನಾಡಿಯಕ್ಕ ಎಪ್ಪತ್ತೆರಡು ಬರೆದರು. ಮರುದಿನವೂ ಫೋನು ಹುಚ್ಚುಚ್ಚಾಗಿ ಆಡಿತು, ಮರುದಿನವೂ ಬರೆದರು. ಆಮೇಲೆ ಅದು ರೂಢಿಯಾಯಿತು. “ಫೋನು ಗಡುಸು ಕೈನ ಓದಲ್ಲ ಅನ್ನೋದನ್ನ ಕಂಡುಹಿಡಿದವಳೇ ನಾನು ತಾನೇ? ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು ಅನ್ನೋ ಜಂಬ. ಮಣಿಕಟ್ಟು ಹಿಡಿಯೋಕೆ ಒಂದೇ ಒಂದು ನಿಮಿಷ ಬೇಕಿತ್ತು. ಹನ್ನೆರಡು ದಿನ ಆ ಒಂದು ನಿಮಿಷ ನನ್ನ ಹತ್ರ ಇರ್ಲಿಲ್ಲ.”

ಹನ್ನೆರಡನೆಯ ದಿನದ ಮರುದಿನ ವಾರದ ರಜೆ. ದೊಡ್ಡಪ್ಪ ಮಗಳ ಮನೆಗೆ ಹೋಗಿದ್ದರು. ಅಪ್ಪನ ಕೈಯ ಒಡಕು ನೋಡಲಾಗದೆ ಮಗಳು ಬಿಸಿನೀರಿನಲ್ಲಿ ನೆನೆಸಿ, ಉಜ್ಜಿ, ಎಣ್ಣೆ ಹಚ್ಚಿ ಕಳಿಸಿದ್ದಳು. ರಜೆ ಮುಗಿಸಿ ಬಂದ ಬೆಳಿಗ್ಗೆ ಅವರ ಬೆರಳು ಕ್ಯಾಮೆರಾದ ಮೇಲೆ ಕೂತದ್ದೇ ತಡ, ಪರದೆಯಲ್ಲಿ ಗೆರೆ ಮೂಡಿತು. ಎಂದೂ ಇಲ್ಲದಷ್ಟು ಸ್ಪಷ್ಟವಾದ ಗೆರೆ. ಪ್ರತಿ ಬಡಿತಕ್ಕೂ ಒಂದೊಂದು ಗುಡ್ಡ. ಆದರೆ ಎರಡು ಗುಡ್ಡ ಒಂದರ ಮೈಮೇಲೆ ಒಂದು, ಆಮೇಲೆ ಬಯಲು, ಮತ್ತೆ ಮೂರು ಪುಟ್ಟ ಗುಡ್ಡ, ಮತ್ತೆ ಬಯಲು. ಒಂದರ ಅಂತರ ಇನ್ನೊಂದಕ್ಕಿಲ್ಲ.

ನಾಡಿಯಕ್ಕ ಇನ್ನೊಮ್ಮೆ ಪರದೆ ನೋಡಿದರು. ಇಷ್ಟು ದಿನ ಕೈಯ ಮೇಲೆ ಹೊರಿಸುತ್ತಿದ್ದ ತಪ್ಪನ್ನು ಇವತ್ತು ಯಾರ ಮೇಲೆ ಹೊರಿಸುವುದು? ಕೈ ಚೆನ್ನಾಗಿತ್ತು, ನೀರು ಬೆಚ್ಚಗಿತ್ತು, ಕ್ಯಾಮೆರಾ ಶುಚಿಯಾಗಿತ್ತು. ಅವರು ಎದ್ದು ದೊಡ್ಡಪ್ಪನ ಮಣಿಕಟ್ಟು ಹಿಡಿದರು. ಬೆರಳ ಕೆಳಗೆ ನಾಡಿ ಓಡಿತು, ಎಡವಿತು, ನಿಂತಿತು, ಮತ್ತೆ ದಡಬಡಿಸಿ ಓಡಿತು.

“ದೊಡ್ಡಪ್ಪಾ, ನೀವು ಒಳಗೆ ಹೋಗೋ ಹಾಗಿಲ್ಲ.”

“ತಲೆ ಕೆಟ್ಟಿದೆಯಾ ನಿನಗೆ? ನಾನು ಹೋಗ್ದೆ ಬಾಯ್ಲರ್ ಯಾರು ಹಚ್ತಾರೆ, ನಿಮ್ಮಪ್ಪ ಹಚ್ತಾನಾ?”

ಇಪ್ಪತ್ತು ವರ್ಷದಲ್ಲಿ ಅವರು ನಾಡಿಯಕ್ಕನ ಮೇಲೆ ದನಿ ಏರಿಸಿದ್ದು ಅದೇ ಮೊದಲು. ಗಲಾಟೆ ಕೇಳಿ ಪಾಳಿಯ ಮೇಲ್ವಿಚಾರಕಿ ಓಡಿ ಬಂದರು. ಎಲ್ಲರೂ ಮೇಡಂ ಎನ್ನುವ ಆಕೆಯೂ ಮೊದಲು ಹೇಳಿದ್ದು ಅದೇ ಮಾತು: “ಅವರ ಕೈ ಯಾವತ್ತೂ ಹಂಗೇ ಅಲ್ವಾ? ಮೊನ್ನೆದು ಬರೆದು ಒಳಗೆ ಬಿಡಿ. ಮೂರು ಆಸ್ಪತ್ರೆ ಬಟ್ಟೆ ಕಾಯ್ತಾ ಇದೆ.”

“ಮೇಡಂ, ನೀವೇ ಹಿಡಿದು ನೋಡಿ.”

ಮೇಡಂ ಹಿಡಿದು ನೋಡಿದರು. ಅವರ ಮುಖದ ಬಣ್ಣ ಇಳಿಯಿತು. ಎರಡನೆಯ ಪಾಳಿಯ ಬಾಯ್ಲರಿನವನಿಗೆ ಫೋನು ಹೋಯಿತು. ಅವನು ಊರಿನ ಆಚೆ ತುದಿಯಿಂದ ಬರಬೇಕು. ನೂರಾ ಹದಿಮೂರು ಜನ ಹೊರಗೇ ನಿಂತರು. ಬಟ್ಟೆ ಸಾಗಿಸುವ ಗಾಡಿಯಲ್ಲಿ ಮಡಿಸಿದ ಟವೆಲುಗಳ ಗಂಟಿನ ಮೇಲೆ ದೊಡ್ಡಪ್ಪ ಮುಖ ಊದಿಸಿಕೊಂಡು ಕೂತರು. ಆಚೆ ಮೇಡಂ, ಈಚೆ ನಾಡಿಯಕ್ಕ. ಮೇಡಂ ಕೈಯಲ್ಲಿ ಪುಸ್ತಕ ಇತ್ತು. ಗಾಬರಿಯಲ್ಲಿ ನಾಡಿಯಕ್ಕ ಫೋನನ್ನು ಪೈಪಿನ ಸಮೇತ ಎತ್ತಿಕೊಂಡು ಬಂದಿದ್ದರು.

ಆಸ್ಪತ್ರೆಯಲ್ಲಿ ಎದೆಗೆ ತಂತಿ ಅಂಟಿಸಿ ನೋಡಿದ ಡಾಕ್ಟರು, ಹೃದಯದ ಮೇಲಿನ ಕೋಣೆ ಲಯ ತಪ್ಪಿ ಅದುರುತ್ತಿದೆ ಎಂದರು. “ಇದು ಯಾವಾಗಿಂದ ಹೀಗಿದೆ? ಸರಿಯಾಗಿ ನೆನಪಿಸ್ಕೊಂಡು ಹೇಳಿ, ಇದರ ಮೇಲೆ ತುಂಬಾ ನಿಂತಿದೆ.”

“ನಿನ್ನೆಯಿಂದ ಸ್ವಲ್ಪ ಸುಸ್ತು ಸ್ವಾಮಿ, ಅಷ್ಟೇ. ಇವರಿಬ್ರು ಸುಮ್ನೆ ಹೊತ್ಕೊಂಡು ಬಂದ್ರು” ಎಂದರು ದೊಡ್ಡಪ್ಪ.

ಮೇಡಂ ಪುಸ್ತಕ ತೆರೆದು ತೋರಿಸಿದರು, ಸ್ವಲ್ಪ ಹೆಮ್ಮೆಯಿಂದಲೇ. “ನಾವು ದಿನಾ ನೋಡ್ತೀವಿ ಸರ್. ಮೊನ್ನೆ ಬೆಳಿಗ್ಗೆ ಎಪ್ಪತ್ತೆರಡು. ಅದರ ಹಿಂದಿನ ದಿನವೂ ಎಪ್ಪತ್ತೆರಡು. ಎಲ್ಲ ಸರಿಯಾಗಿದೆ.”

ಡಾಕ್ಟರ ಮುಖ ಹಗುರಾಯಿತು. ಮೊನ್ನೆ ಬೆಳಿಗ್ಗೆಯವರೆಗೆ ಸರಿಯಿತ್ತು ಎಂದರೆ ಇದು ಎರಡು ದಿನದ ಒಳಗಿನದು, ಹಾಗಾದರೆ ಇವತ್ತೇ ಸರಿಮಾಡಬಹುದು ಎಂದು ವಿವರಿಸಿದರು. ಐದು ನಿಮಿಷ ನಿದ್ದೆ ಬರಿಸಿ ಎದೆಗೆ ಒಂದು ಸಲ ವಿದ್ಯುತ್ತಿನ ಹೊಡೆತ ಕೊಟ್ಟರೆ ಹೃದಯ ತನ್ನ ಲಯಕ್ಕೆ ಮರಳುತ್ತದೆ. ತುಂಬಾ ದಿನದ ಹಿಂದೆ ಶುರುವಾಗಿದ್ದರೆ ಮಾತ್ರ ಹಾಗೆ ಮಾಡಬಾರದು. ಒಳಗೆ ರಕ್ತ ಹೆಪ್ಪುಗಟ್ಟಿರುತ್ತದೆ, ಹೊಡೆತ ಕೊಟ್ಟರೆ ಆ ಹೆಪ್ಪು ಕಿತ್ತು ನೇರ ಮಿದುಳಿಗೆ ಹೋಗಬಹುದು. ಹೀಗೆಂದು ಅವರು ನರ್ಸಿಗೆ ಸಿದ್ಧತೆ ಮಾಡಲು ಹೇಳಿದರು.

ನರ್ಸು ವಿದ್ಯುತ್ ಹೊಡೆತದ ಯಂತ್ರವಿದ್ದ ಚಕ್ರದ ಪೆಟ್ಟಿಗೆಯನ್ನು ತಳ್ಳಿಕೊಂಡು ಬರುತ್ತಿದ್ದದ್ದು ಕಾಣಿಸುತ್ತಿತ್ತು. ನಾಡಿಯಕ್ಕನ ದನಿ ಕಿರುಚಿದ ಹಾಗೆ ಹೊರಟಿತು.

“ಬೇಡ ಸರ್! ಆ ಎಪ್ಪತ್ತೆರಡು ದೊಡ್ಡಪ್ಪಂದಲ್ಲ. ನಾನು ಬರೆದದ್ದು.”

ಡಾಕ್ಟರು ತಿರುಗಿ ನೋಡಿದರು. ಮೇಡಂ ಮೊಣಕೈಯಿಂದ ತಿವಿದರು. ನಾಡಿಯಕ್ಕ ನಿಲ್ಲಿಸಲಿಲ್ಲ. “ನೋಡದೇ ಬರೆದೆ. ಹನ್ನೆರಡು ದಿನದಿಂದ ನೋಡದೇ ಬರೀತಾ ಇದ್ದೀನಿ. ಫೋನು ಸರಿಯಾಗೇ ಹೇಳ್ತಾ ಇತ್ತು, ನಾನೇ ಅದನ್ನ ನಂಬಲಿಲ್ಲ. ಇದರೊಳಗೆ ಇದೆ, ನೋಡಿ” ಎಂದು ಪೈಪಿನ ಸಮೇತ ಫೋನನ್ನು ಅವರ ಕೈಗಿತ್ತರು.

ಫೋನು ತಿಂಗಳ ಗೆರೆಗಳನ್ನೆಲ್ಲ ಇಟ್ಟುಕೊಂಡಿರುತ್ತದೆ, ಅರ್ಧಂಬರ್ಧ ಸಿಕ್ಕವನ್ನೂ ಬಿಡದೆ. ಡಾಕ್ಟರು ಒಂದೊಂದಾಗಿ ಹಿಂದಕ್ಕೆ ಸರಿಸುತ್ತ ಹೋದರು. ಮೊನ್ನೆಯದು ಸೊಟ್ಟ, ಅದರ ಹಿಂದಿನದು ಸೊಟ್ಟ, ಅದರ ಹಿಂದಿನದೂ ಸೊಟ್ಟ. ಗೆರೆಗಳು ಮಸುಕಾಗಿದ್ದವು, ತುಂಡು ತುಂಡಾಗಿದ್ದವು; ಆದರೂ ಗುಡ್ಡಗಳ ನಡುವಿನ ಅಂತರ ತಪ್ಪಿದ್ದು ಅಕ್ಷರ ಬಾರದವರಿಗೂ ಕಾಣುವಂತಿತ್ತು. ಹನ್ನೆರಡು ದಿನ ಹಿಂದಕ್ಕೆ ಹೋದ ಮೇಲೆ ಸಾಲು ಸಾಲಾಗಿ ಸಮನಾದ ಗುಡ್ಡಗಳು ಸಿಕ್ಕವು. ಡಾಕ್ಟರು ನರ್ಸಿಗೆ ಕೈ ಸನ್ನೆ ಮಾಡಿ ಪೆಟ್ಟಿಗೆ ಹಿಂದಕ್ಕೆ ಕಳಿಸಿದರು.

ಮಧ್ಯಾಹ್ನ ಗಂಟಲಿನ ಮೂಲಕ ಸಣ್ಣ ಕೊಳವೆ ಇಳಿಸಿ ಹೃದಯವನ್ನು ಹಿಂಬದಿಯಿಂದ, ಹತ್ತಿರದಿಂದ ನೋಡಿದರು. ಒಂದು ಮೂಲೆಯಲ್ಲಿ ಹೆಸರುಕಾಳಿನಷ್ಟು ರಕ್ತದ ಹೆಪ್ಪು ಕೂತಿತ್ತು. ಡಾಕ್ಟರು ಹೊರಗೆ ಬಂದು, ಬಾಗಿಲಲ್ಲೇ ನಿಂತಿದ್ದ ನಾಡಿಯಕ್ಕನಿಗೆ, “ನೀವು ಆಗ ಹೇಳದೇ ಇದ್ದಿದ್ರೆ...” ಎಂದು ಶುರುಮಾಡಿ ಅಲ್ಲಿಗೇ ಬಿಟ್ಟರು. ನಾಡಿಯಕ್ಕ ಗೋಡೆಗೆ ಒರಗಿ ಜಾರಿ ನೆಲದ ಮೇಲೆ ಕೂತುಬಿಟ್ಟರು. ಅವರನ್ನು ಎಬ್ಬಿಸಲು ಮೇಡಂ ಜೊತೆ ಇನ್ನಿಬ್ಬರು ಬೇಕಾಯಿತು.

ರಕ್ತ ತೆಳುವಾಗಿಸುವ ಮಾತ್ರೆ ಐದು ವಾರ ನುಂಗಿ, ಹೆಪ್ಪು ಕರಗಿದ ಮೇಲೆ ದೊಡ್ಡಪ್ಪನ ಎದೆಗೆ ಆ ಹೊಡೆತ ಕೊಟ್ಟರು. ಲಯ ಮರಳಿತು. ಬಾಯ್ಲರ್ ಕೆಲಸ ಬೇಡವೆಂದರು ಡಾಕ್ಟರು. ಈಗ ಅವರು ಉಗ್ರಾಣದಲ್ಲಿ ಕೂತು ಟವೆಲ್ ಎಣಿಸುತ್ತಾರೆ. ಅವರನ್ನು ಕೇಳಿದರೆ ಸಿಟ್ಟೇನೂ ಇಲ್ಲ. “ಬರ್ಕೋ ಅಂದೋನು ನಾನೇ ತಾನೇ? ತಪ್ಪು ಅರ್ಧ ನಂದು, ಅರ್ಧ ಅವಳದು. ಅವಳು ಪೂರ್ತಿ ತಾನೇ ಇಟ್ಕೊಂಡು ಕೂತಿದ್ದಾಳೆ, ನನ್ನ ಪಾಲು ಕೊಡಲ್ಲ.”

ಆ ದಿನ ಆಸ್ಪತ್ರೆಯಿಂದ ಬಂದ ನಾಡಿಯಕ್ಕ ನಾಲ್ಕು ದಿನ ಕಾರ್ಖಾನೆಯ ಕಡೆ ತಲೆ ಹಾಕಲಿಲ್ಲ. ದೊಡ್ಡಪ್ಪನ ಜೀವ ಉಳಿಸಿದವಳು ಎಂದು ಸಹೋದ್ಯೋಗಿಗಳು ಮನೆಗೇ ಬಂದರೆ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. “ಹೊಗಳಿದ್ರೆ ಮೈಗೆ ಮುಳ್ಳು ಚುಚ್ಚಿದ ಹಾಗಾಗ್ತಿತ್ತು. ನನ್ನ ಕಣ್ಣ ಮುಂದೆ ಆ ನರ್ಸು ಪೆಟ್ಟಿಗೆ ತಳ್ಕೊಂಡು ಬರೋದೇ ಕಾಣ್ತಿತ್ತು.” ಇನ್ನು ಆ ಫೋನು ಮುಟ್ಟುವುದಿಲ್ಲ ಎಂದು ಗಂಡನಿಗೆ ಹೇಳಿದರು. ದರ್ಜಿ ಯಂತ್ರ ತುಳಿಯುವುದನ್ನು ನಿಲ್ಲಿಸದೆಯೇ ಕೇಳಿದರಂತೆ: “ಸರಿ, ಬಿಡು. ನಿನ್ನ ಜಾಗಕ್ಕೆ ಇನ್ನೊಬ್ರು ಬರ್ತಾರೆ. ಈ ಹನ್ನೆರಡು ದಿನದ ವಿಷಯ ಅವರಿಗೆ ಯಾರು ಹೇಳ್ತಾರೆ?” ಐದನೆಯ ಬೆಳಿಗ್ಗೆ ಜಡೆ ಹಾಕಿಸಿಕೊಂಡು ಹೊರಟರು.

ಮೇಜಿನ ಮೇಲೆ ಒಂದು ಲಕೋಟೆ ಕಾದಿತ್ತು. ಪಾಳಿ ಒಂದೂವರೆ ಗಂಟೆ ತಡವಾಗಲು ಕಾರಣವಾದದ್ದಕ್ಕೆ ಎಚ್ಚರಿಕೆಯ ಪತ್ರ. ಹನ್ನೆರಡು ಸುಳ್ಳು ಸಂಖ್ಯೆಗಳ ಬಗ್ಗೆ ಅದರಲ್ಲಿ ಒಂದಕ್ಷರವೂ ಇರಲಿಲ್ಲ. ನಾಡಿಯಕ್ಕ ಅದನ್ನು ಎರಡೆರಡು ಸಲ ಓದಿ, ಹಾಳೆಯ ಹಿಂಬದಿಯನ್ನೂ ತಿರುಗಿಸಿ ನೋಡಿದರು. ಸೀದಾ ಮೇಡಂ ಬಳಿ ಹೋಗಿ ಕೇಳಿದರು. “ಅದನ್ನ ಯಾಕೆ ಕೆದಕ್ತೀರಾ? ಬರೆದ್ರೆ ನಿಮಗೂ ತೊಂದರೆ, ನಮಗೂ ತೊಂದರೆ. ಸುಮ್ಮನಿದ್ದುಬಿಡಿ” ಎಂಬ ಉತ್ತರ ಬಂತು. ಅದನ್ನು ನೆನೆದು ನಾಡಿಯಕ್ಕ ಈಗಲೂ ಹೇಳುತ್ತಾರೆ: “ಗೇಟಲ್ಲಿ ನಿಲ್ಲಿಸಿದ್ದು ತಪ್ಪಂತೆ. ನೋಡದೇ ಬರೆದದ್ದು ತಪ್ಪಲ್ವಂತೆ! ಆಸ್ಪತ್ರೇಲಿ ಬೆಚ್ಚಿಬಿದ್ದಿದ್ದು ಒಂದು. ಆ ಕಾಗದ ಓದಿದಾಗ ಇನ್ನೊಂದು ಸಲ.”

ಅವರು ಸುಮ್ಮನಿರಲಿಲ್ಲ. ಅಂದು ಬೆಳಿಗ್ಗೆ ಸಾಲಿನಲ್ಲಿ ನಿಂತವರಿಗೆಲ್ಲ, ಒಬ್ಬೊಬ್ಬರ ಬೆರಳು ಕೆಂಪಗಾಗುವ ಆ ನಲವತ್ತು ಸೆಕೆಂಡಿನಲ್ಲೇ, ತಾವು ಮಾಡಿದ್ದನ್ನು ಹೇಳಿದರು. ನೂರಾ ಹದಿಮೂರು ಸಲ ಹೇಳಿದರು. ಮೊದಲ ಬಾರಿಗೆ ಸೋಪಣ್ಣ ಅಂದು ಏನೂ ತಮಾಷೆ ಮಾಡದೆ ಒಳಗೆ ಹೋದ. ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ಮೊದಲ ದಿನ ನಾಡಿಯಕ್ಕ ಈಗಲೂ ಇದನ್ನು ಹೇಳುತ್ತಾರೆ.

ಫೋನು ಮೂರು ಸಲ ತಡವರಿಸಿದರೆ ಈಗ ಮಣಿಕಟ್ಟು ಹಿಡಿಯಲೇಬೇಕು, ಪೂರ್ತಿ ಒಂದು ನಿಮಿಷ, ಗಡಿಯಾರದ ಮುಳ್ಳು ಸುತ್ತಿ ಬರುವ ತನಕ. ಮಣಿಕಟ್ಟಿನಲ್ಲೂ ಅನುಮಾನ ಬಂದರೆ ಪುಸ್ತಕದಲ್ಲಿ ಏನು ಬರೆಯುವುದು? ಅಲ್ಲಿರುವುದು ಒಂದೇ ಕಲಂ, ಅದಕ್ಕೆ ಸಂಖ್ಯೆಯೇ ಬೇಕು. ‘ಗೊತ್ತಾಗಲಿಲ್ಲ’ ಎಂದು ಬರೆಯಲು ಒಂದು ಜಾಗ ಕೊಡಿ ಎಂದು ನಾಡಿಯಕ್ಕ ಕಚೇರಿಗೆ ಮೂರು ಸಲ ಅರ್ಜಿ ಕೊಟ್ಟರು. ಅಂಥ ಕಲಂ ನಮೂನೆಯಲ್ಲಿ ಇಲ್ಲ ಎಂದರು. ನಾಡಿಯಕ್ಕ ಗಂಡನ ಅಳತೆಪಟ್ಟಿ ಇಟ್ಟು, ಆತನ ಕೆಂಪು ಪೆನ್ಸಿಲಿನಿಂದ ಪ್ರತಿ ಪುಟದ ಅಂಚಿನಲ್ಲೂ ತಾವೇ ಗೆರೆ ಎಳೆದುಕೊಂಡರು. ಆ ಅಂಚಿನಲ್ಲಿ ಹೆಸರು ಬಿದ್ದವರು ಡಾಕ್ಟರಿಗೆ ತೋರಿಸಿ ಬರಬೇಕು. ಮೇಡಂ ಅದನ್ನು ನೋಡಿದರು. ಮೊನ್ನೆಯಿಂದ ಪುಟದ ಕೊನೆಗೆ ಸಹಿ ಹಾಕುವಾಗ ಆ ಅಂಚಿನಲ್ಲೂ ಒಂದು ಸಹಿ ಹಾಕುತ್ತಿದ್ದಾರೆ.

ಈ ವಾರ ಅಲ್ಲಿ ಬಿದ್ದ ಹೆಸರು ಒಂದು, ಮಡಚುವ ವಿಭಾಗದ ಒಬ್ಬಾಕೆಯದು. ಬೇಡ ಬೇಡವೆಂದರೂ ಕೇಳದೆ ಅವಳನ್ನು ಆಸ್ಪತ್ರೆಗೆ ಅಟ್ಟಿದ್ದರು. ಇವತ್ತು ಬೆಳಿಗ್ಗೆ ಅವಳು ಸಾಲು ಮುರಿದುಕೊಂಡು ಮೇಜಿಗೇ ಬಂದು ಬುತ್ತಿ ಡಬ್ಬಿ ಕುಕ್ಕಿದಳು. “ಏನೂ ಇಲ್ವಂತೆ! ಕಲ್ಲುಗುಂಡಿನ ಹಾಗಿದ್ದೀಯ, ಯಾಕೆ ಬಂದೆ ಅಂತ ಡಾಕ್ಟರು ನಕ್ರು. ಒಂದಿಡೀ ದಿನ ಹಾಳು ಮಾಡಿದ್ರಿ ಅಕ್ಕಾ! ನಿಮಗೆ ಮಾಡೋಕೆ ಬೇರೆ ಕೆಲಸ ಇಲ್ವಾ?”

ನಾಡಿಯಕ್ಕ ಅವಳ ಬೆರಳನ್ನು ಕ್ಯಾಮೆರಾದ ಮೇಲೆ ಇಡಿಸಿಕೊಂಡು ಅಷ್ಟನ್ನೂ ತಲೆ ತಗ್ಗಿಸಿ ಕೇಳಿಸಿಕೊಂಡರು. ಸಂಖ್ಯೆ ಬರೆದು ಒಳಗೆ ಕಳಿಸಿದರು. ಅವಳು ಬಾಗಿಲು ದಾಟಿ ಮರೆಯಾದ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು, ಮುಖದಲ್ಲಿ ನಗು ಇತ್ತು.

“ಬೈದ್ಲು ನೋಡಿ, ಎಷ್ಟು ಚೆನ್ನಾಗಿ ಬೈದ್ಲು. ದಿನಾ ಒಬ್ರು ಹೀಗೇ ಆಸ್ಪತ್ರೆಯಿಂದ ವಾಪಸ್ ಬಂದು ಬೈದು ಹೋಗ್ಲಿ. ನನಗೆ ಅಷ್ಟು ಸಾಕು.”